ಎರಡು ತೆಳು, ಸೊನ್ನೆ, ಸರಿ!

ಮಿನಾಸೆ ದ್ವೀಪ
ಫೆಬ್ರವರಿ 12

ಚಿಗುಸಾ,

ಹಿತ್ತಲಿನ ಉಮೆ ಮರ ಹೂ ಬಿಟ್ಟಿದೆ. ಕಾಗದವನ್ನು ಹೂವಿನ ಸುದ್ದಿಯಿಂದ ಶುರುಮಾಡಬೇಕು ಎಂದು ನಿನ್ನಮ್ಮ ಹೇಳುತ್ತಿದ್ದಳು. ಶುರುಮಾಡಿದ್ದಾಯಿತು, ಇನ್ನು ವಿಷಯಕ್ಕೆ ಬರುತ್ತೇನೆ.

ನಾನು ಎಲೆಕ್ಟ್ರಿಷಿಯನ್ ಪರೀಕ್ಷೆಗೆ ಕಟ್ಟುತ್ತಿದ್ದೇನೆ. ಎರಡನೇ ದರ್ಜೆಯದು, ಮನೆಗಳ ವೈರಿಂಗ್ ಮಾಡುವುದಕ್ಕೆ ಬೇಕಾದ ಲೈಸೆನ್ಸು. ನಗಬೇಡ. ಎಷ್ಟು ಓದಿದ್ದೀಯ ಎಂದಾಗಲಿ, ವಯಸ್ಸೆಷ್ಟು ಎಂದಾಗಲಿ ಅವರು ಕೇಳುವುದಿಲ್ಲವಂತೆ. ಮೊದಲು ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ, ಅದು ಪಾಸಾದರೆ ಬೇಸಿಗೆಯಲ್ಲಿ ಕೈಕೆಲಸದ ಪರೀಕ್ಷೆ. ನನ್ನ ಲಾಂಚಿನ ಹಳೆಯ ಖಲಾಸಿ ತೊಕುಜಿ ಪುಸ್ತಕ ನೋಡಿ ಏನಂದ ಗೊತ್ತೇ? “ಕ್ಯಾಪ್ಟನ್ರೇ, ಈ ವಯಸ್ಸಲ್ಲಿ ಕರೆಂಟ್ ಹೊಡೆಸ್ಕೊಂಡ್ರೆ ಸುಡೋ ಖರ್ಚಾದ್ರೂ ಉಳೀತದೆ ಬಿಡಿ.” ಅವನಿಗೆ ಚಹಾ ಕೊಡದೆ ಕಳಿಸಿದೆ.

ಒಂದು ಸಂಶಯ. ತಂತಿಗಳ ತುದಿ ಸೇರಿಸಿ ಸ್ಲೀವ್ ಎಂಬ ತಾಮ್ರದ ಪುಟ್ಟ ಕೊಳವೆ ತೊಡಿಸಿ ಇಕ್ಕಳದಲ್ಲಿ ಒತ್ತಬೇಕಲ್ಲ, ಆ ಇಕ್ಕಳದ ಬಾಯಲ್ಲಿ ಮೂರು ಅಚ್ಚುಗಳಿವೆ. ಒಂದು ಸ್ಲೀವ್ ಮೇಲೆ ಸೊನ್ನೆ ಮೂಡಿಸುತ್ತದೆ, ಒಂದು ‘ಚಿಕ್ಕದು’ ಎಂಬ ಅಕ್ಷರ, ಇನ್ನೊಂದು ‘ನಡುವಿನದು’ ಎಂಬ ಅಕ್ಷರ. ಸೊನ್ನೆಗೂ ಚಿಕ್ಕದಕ್ಕೂ ಹಾಕುವ ಸ್ಲೀವ್ ಮಾತ್ರ ಒಂದೇ! ಇದೆಂಥ ತಮಾಷೆ? ಯಾವಾಗ ಯಾವುದನ್ನು ಒತ್ತಬೇಕು? ಪುಸ್ತಕದಲ್ಲೊಂದು ಕೋಷ್ಟಕವಿದೆ, ನೋಡಿದೊಡನೆ ನಿದ್ದೆ ಬರುತ್ತದೆ. ಕೇಳೋಣವೆಂದರೆ ನನಗೆ ಗೊತ್ತಿರುವ ಎಲೆಕ್ಟ್ರಿಷಿಯನ್ ನೀನೊಬ್ಬಳೇ.

ಹಾಗೆ ನಿದ್ದೆ ಬಂದಾಗ ಒಂದು ಕನಸು ಬಿತ್ತು. ಮತ್ತೆ ಲಾಂಚ್ ನಡೆಸುತ್ತಿದ್ದೆ. ನೀರಿರಲಿಲ್ಲ. ಈ ದಡದಿಂದ ಆ ದಡದವರೆಗೂ ಬೂದುಬಣ್ಣದ ಕೇಬಲ್ ಹಾಸಿತ್ತು, ಅದರ ಮೇಲೆ ಲಾಂಚ್ ಸದ್ದಿಲ್ಲದೆ ಜಾರುತ್ತಿತ್ತು. ನಿನ್ನಮ್ಮ ಟಿಕೆಟ್ ಹರಿಯುತ್ತಿದ್ದಳು. ನನ್ನ ಹತ್ತಿರವೂ ಟಿಕೆಟ್ ಕೇಳಿದಳು.

ಚಳಿ ಇನ್ನೂ ಇದೆ, ಹೊಟ್ಟೆ ಬೆಚ್ಚಗಿಟ್ಟುಕೋ.

ನೊಬೆಹಾರಾ ಇಸಾಕು
(ಅಪ್ಪ)


ನುಮಾಜು
ಮಾರ್ಚ್ 3

ಅಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಇಲ್ಲಿ ಹೂವಿನ ಸುದ್ದಿ ಏನೂ ಇಲ್ಲ.

ನಿಮ್ಮ ಸಂಶಯಕ್ಕೆ ಉತ್ತರ. ತೆಳು ತಂತಿ ಎರಡೇ ಎರಡು ಸೇರಿದರೆ ಸೊನ್ನೆ. ತೆಳು ತಂತಿ ಮೂರೋ ನಾಲ್ಕೋ ಆದರೆ ಚಿಕ್ಕದು. ಒಂದು ದಪ್ಪ ತಂತಿಯ ಜೊತೆ ಒಂದೆರಡು ತೆಳು ಬಂದರೂ ಚಿಕ್ಕದೇ. ಅದಕ್ಕಿಂತ ಹೆಚ್ಚಾದರೆ ನಡುವಿನದು. ಗುರುತು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ನಪಾಸು. ದೀಪ ಹತ್ತುವಂತಿದ್ದರೂ ನಪಾಸು.

ಈಗ ನನ್ನ ಪ್ರಶ್ನೆ. ಏಕೆ?

ಹದಿನಾರರ ವಯಸ್ಸಿನಲ್ಲಿ ನಾನು ನಮ್ಮ ಮನೆಯ ಬಾಗಿಲ ಮೇಲೊಂದು ದೀಪ ಹಾಕಿದ್ದೆ. ಕೊನೆಯ ಲಾಂಚ್ ಮುಗಿಸಿ ನೀವು ಮೆಟ್ಟಿಲು ಹತ್ತಿ ಬರುವಾಗ ಅಮ್ಮ ದಿನಾ ಟಾರ್ಚ್ ಹಿಡಿದು ಚಳಿಯಲ್ಲಿ ನಿಲ್ಲುತ್ತಿದ್ದಳು, ಅದಕ್ಕೆ. ದೀಪ ಹತ್ತಿತ್ತು ಅಪ್ಪ. ಅಮ್ಮ ಚಪ್ಪಾಳೆ ಹೊಡೆದಿದ್ದಳು. ನೀವು ಆಚೆ ದಡದಿಂದ ಎಲೆಕ್ಟ್ರಿಷಿಯನ್ ಕರೆಸಿ, ಓಣಿಯವರೆಲ್ಲ ನೋಡುತ್ತಿರುವಾಗ ಅದನ್ನು ಕೀಳಿಸಿದಿರಿ. “ಲೈಸೆನ್ಸ್ ಇಲ್ದೋರು ಈ ಮನೆ ತಂತಿ ಮುಟ್ಟಕೂಡದು” ಅಂದಿರಿ. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ನಾನು ಲೈಸೆನ್ಸ್ ತೆಗೆದುಕೊಂಡು ವರ್ಷಗಳೇ ಆದವು. ಬಂದು ಮುಟ್ಟು ಎಂದು ನೀವು ಒಂದು ಸಲವೂ ಕರೆಯಲಿಲ್ಲ. ಅಮ್ಮನ ಅಂತ್ಯಕ್ರಿಯೆಗೆ ಬಂದಾಗಲೂ ಬಾಗಿಲು ಕತ್ತಲಾಗಿಯೇ ಇತ್ತು, ನಾನು ಆಚೆ ದಡದ ಲಾಡ್ಜಿನಲ್ಲಿ ಮಲಗಿದೆ. ಈಗ ನೀವೇ ಪರೀಕ್ಷೆಗೆ ಕಟ್ಟುತ್ತೀರಿ. ಲೈಸೆನ್ಸ್ ಇರುವ ಮಗಳು ಬದುಕಿದ್ದಾಳೆ ಎಂಬುದು ಮರೆತುಹೋಯಿತೇ?

ಸಿಟ್ಟಿನಲ್ಲಿ ಬರೆದಿದ್ದೇನೆ. ತಣ್ಣಗಾಗುವ ಮೊದಲೇ ಅಂಚೆಗೆ ಹಾಕುತ್ತೇನೆ.

ಚಿಗುಸಾ


ಮಿನಾಸೆ ದ್ವೀಪ
ಏಪ್ರಿಲ್ 9

ಚಿಗುಸಾ,

ಸಕುರಾ ಉದುರುತ್ತಿದೆ. ಲಾಂಚ್ ಕಟ್ಟೆಯ ನೀರಿನ ಮೇಲೆಲ್ಲ ಅದರದೇ ಎಸಳು.

ಏಕೆ ಎಂದು ಕೇಳಿದ್ದೀಯ. ಆಗಸ್ಟಿನಲ್ಲಿ ನಿನ್ನಮ್ಮನ ಮೊದಲ ಬಾನ್ ಹಬ್ಬ, ಸತ್ತವರು ಮನೆಗೆ ಬರುವ ದಿನ. ಹಿಂದೆಯೇ ಸತ್ತವರಿಗೆ ದಾರಿ ಗೊತ್ತಿರುತ್ತದೆ, ವರ್ಷವರ್ಷವೂ ಬರುತ್ತಾರೆ, ಹೋಗುತ್ತಾರೆ. ಮೊದಲ ಸಲ ಬರುವವರಿಗೆ ಮನೆ ಹುಡುಕುವುದು ಕಷ್ಟ. ಎಲ್ಲರ ಹಾಗೆ ನಾನೂ ಬಿಳಿ ಲಾಂದ್ರ ಕಟ್ಟುತ್ತೇನೆ. ಆದರೆ ನನ್ನ ಶಿನೊಗೆ, ನಿನ್ನಮ್ಮನಿಗೆ, ಬೇಕಾಗಿದ್ದದ್ದು ಲಾಂದ್ರವಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಹೇಳಿದಳು, “ರೀ, ಬಾಗಿಲಿಗೊಂದು ದೀಪ ಹಾಕ್ಸಿ, ಸಾಕು.” ಹಾಕಿಸ್ತೀನಿ ಕಣೇ ಅಂದೆ. ಮಾತು ಕೊಟ್ಟಿದ್ದೇನೆ. ಬೇರೆಯವರನ್ನು ಕರೆಸಲು ಮನಸ್ಸಾಗಲಿಲ್ಲ. ನಿನ್ನನ್ನು ಕರೆಯಲು ಬಾಯಿ ಬರಲಿಲ್ಲ. ಉಳಿದವನು ನಾನೊಬ್ಬ.

ನೀನು ಹೊಡೆದಿದ್ದ ಎರಡು ಸ್ಕ್ರೂ ತೂತುಗಳು ಬಾಗಿಲ ಮೇಲೆ ಹಾಗೇ ಇವೆ. ಅವಳು ಅವನ್ನು ಮುಚ್ಚಲು ಬಿಡಲಿಲ್ಲ.

ಓದು ಸಾಗುತ್ತಿದೆ. ಲೆಕ್ಕ ತಲೆಗೆ ಹತ್ತುವುದಿಲ್ಲ, ಆದರೆ ಉಪಕರಣಗಳ ಚಿತ್ರ ನೋಡಿ ಹೆಸರು ಹೇಳುವುದರಲ್ಲಿ ನನ್ನನ್ನು ಯಾರೂ ಹಿಡಿಯಲಾರರು. ನಿನ್ನೆಯ ಪಾಠದಲ್ಲಿ ಒಂದು ವಿಷಯ ಬಂತು. ನಮ್ಮ ಪಶ್ಚಿಮದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ಫುಜಿ ಹೊಳೆ ದಾಟಿದರೆ ನಿಮ್ಮ ಕಡೆ ಐವತ್ತೇ ಸಲ. ಒಂದೇ ದೇಶ, ನಾಡಿ ಎರಡು! ಓದುತ್ತಿದ್ದ ಹಾಗೆ ಹೊಳೆಯಿತು. ನೀನು ಅಂತ್ಯಕ್ರಿಯೆಯ ದಿನ ಅಡುಗೆಮನೆಯ ಗೋಡೆಯಿಂದ ಅಮ್ಮನ ಕರೆಂಟು ಗಡಿಯಾರ ತೆಗೆದುಕೊಂಡು ಹೋದೆಯಲ್ಲ, ಆ ಮಿಡಿತ ನೋಡಿಯೇ ಓಡುವ ಹಳೆಯ ಗಡಿಯಾರ. ಅದು ಅಲ್ಲಿ ಹಿಂದೆ ಬೀಳುತ್ತಿರಬೇಕಲ್ಲವೇ?

ಇನ್ನೊಂದು. ನೀನು ‘ನೀವು’ ಎಂದು ಬರೆದರೆ ಟೌನ್ ಆಫೀಸಿನಿಂದ ನೋಟಿಸು ಬಂದ ಹಾಗಾಗುತ್ತದೆ. ಹೇಳಿದೆ ಅಷ್ಟೆ.

ಅಪ್ಪ


ನುಮಾಜು
ಮೇ 14

ಅಪ್ಪನವರಿಗೆ,

ತಡವಾಯಿತು. ಅಮ್ಮ ದೀಪ ಕೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಓದಿ ಕಾಗದವನ್ನು ಡ್ರಾಯರಿನಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ, ಬಂದು ಮತ್ತೆ ತೆಗೆದು ಓದುತ್ತಿದ್ದೆ. ಹೀಗೇ ತಿಂಗಳು ಕಳೆಯಿತು.

ಗಡಿಯಾರದ ವಿಷಯ ಸರಿ. ಇಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಅದು ಐವತ್ತು ನಿಮಿಷ ಮಾತ್ರ ನಡೆಯುತ್ತದೆ. ತರುವಾಗಲೇ ಗೊತ್ತಿತ್ತು, ಇದೇ ನನ್ನ ಹೊಟ್ಟೆಪಾಡಲ್ಲವೇ. ಆದರೂ ಎತ್ತಿಕೊಂಡು ಬಂದೆ, ಅಡುಗೆಮನೆಯಲ್ಲೇ ಹಾಕಿದ್ದೇನೆ, ಸರಿಮಾಡುವುದಿಲ್ಲ. ಹೊರಗೆ ಸಂಜೆಯಾಗಿದ್ದರೂ ಅದರೊಳಗೆ ಇನ್ನೂ ಮಧ್ಯಾಹ್ನ. ಅಕ್ಕಿ ತೊಳೆಯುತ್ತ ಅದನ್ನು ನೋಡಿದರೆ ಅಮ್ಮ ಎಲ್ಲೋ ಹಿಂದೆ ನಿಧಾನವಾಗಿ ಬರುತ್ತಿದ್ದಾಳೆ, ನಾನು ಸ್ವಲ್ಪ ನಿಂತರೆ ಸಾಕು ಎನಿಸುತ್ತದೆ. ಗೆಳತಿಯರಿಗೆ ಹೇಳಿದರೆ ಹುಚ್ಚು ಅಂದಾರು. ನೀವು ಕೇಬಲ್ ಮೇಲೆ ಲಾಂಚ್ ಓಡಿಸುವವರು, ಅದಕ್ಕೇ ಹೇಳಿದೆ.

ಇಲ್ಲಿ ಮೀನು ಒಣಗಿಸುವ ಶೆಡ್ಡುಗಳಿಗೆ ಫ್ಯಾನಿನ ವೈರಿಂಗ್ ನಡೆದಿದೆ. ಏಣಿ ಹತ್ತಿದರೆ ಕೆಳಗೆ ಸಾಲುಸಾಲಾಗಿ ಸೀಳಿದ ಮೀನು. ಬಟ್ಟೆಯ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ, ಬಸ್ಸಿನಲ್ಲಿ ಬೆಕ್ಕಿದ್ದರೆ ನನ್ನ ಪಕ್ಕವೇ ಕೂತೀತು.

ಕೈಕೆಲಸದ ಪರೀಕ್ಷೆಗೆ ಒಂದು ಮಾತು. ಹದಿಮೂರು ನಕ್ಷೆಗಳನ್ನು ಮೊದಲೇ ಪ್ರಕಟಿಸಿರುತ್ತಾರೆ, ಅದರಲ್ಲೊಂದು ಬರುತ್ತದೆ. ಸಿಗುವುದು ನಲವತ್ತು ನಿಮಿಷ. ಬುದ್ಧಿಯಿಂದ ಮಾಡಲು ಹೋದರೆ ಸಮಯ ಸಾಲದು, ಕೈಗೇ ಬಾಯಿಪಾಠವಾಗಬೇಕು. ಲಾಂಚಿನಲ್ಲಿ ಬೆರಳು ತೋರಿಸಿ ಕೂಗುತ್ತಿದ್ದಿರಲ್ಲ, “ಬಲಗಡೆ ಸರಿ! ಹಗ್ಗ ಸರಿ!” ಹಾಗೆ ಕೂಗಿ ಒತ್ತಿ. ನಾನೂ ಕೆಲಸದಲ್ಲಿ ಹಾಗೇ ಮಾಡುವುದು. ನಮ್ಮ ಮೇಸ್ತ್ರಿ ನಗುತ್ತಾನೆ, “ನೀನು ಕೂಗಿದ್ರೆ ಗೋಡೆಯೇ ಲಾಂಚಿನ ಹಾಗೆ ದಡಕ್ಕೆ ತಾಗ್ತದೆ ಅನ್ಸತ್ತೆ ಮಾರಾಯ್ತಿ” ಅಂತ.

ಮನೆಯಲ್ಲಿ ನೀವು “ಗ್ಯಾಸ್ ಆಫ್!” ಎಂದು ಕೂಗಿದಾಗ ಅಮ್ಮ ಒಳಗಿನಿಂದ “ಸರೀ!” ಎಂದು ನಿಮ್ಮನ್ನೇ ಅಣಕಿಸುತ್ತಿದ್ದಳು. ಈಗ ಮನೆಯಲ್ಲಿ ಕೂಗುತ್ತೀರಾ?

ಚಿಗುಸಾ


ಮಿನಾಸೆ ದ್ವೀಪ
ಜುಲೈ 6

ಚಿಗುಸಾ,

ಪಾಸು! ಗುರುತು ಹಾಕುವ ಪರೀಕ್ಷೆ ಪಾಸು! ಕಾರ್ಡು ಬಂದ ತಕ್ಷಣ ಬಾಗಿಲಲ್ಲಿ ನಿಂತು ಕೂಗಿಬಿಟ್ಟೆ, ಓಣಿಯ ನಾಯಿಗಳೆಲ್ಲ ಎದ್ದವು. ತೊಕುಜಿ ಬಂದು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಲ್ಲ ಕ್ಯಾಪ್ಟನ್ರೇ, ಇದು ನಿಮ್ಮ ಹೆಸರಿನ ಬೇರೆ ಯಾರದ್ದಾದ್ರೂ ಆಗಿರ್ಬೌದಾ?” ಅವತ್ತು ಚಹಾ ಕೊಟ್ಟೆ, ಜೊತೆಗೆ ಬಿಸ್ಕತ್ತೂ ಇಟ್ಟೆ.

ಈಗ ಮನೆತುಂಬ ತಂತಿ. ಊಟದ ಮೇಜಿನ ಮೇಲೆ ಮರದ ಹಲಗೆ, ಹಲಗೆಯ ಮೇಲೆ ನಕ್ಷೆ. ಬೆಳಿಗ್ಗೆ ಒಂದು ನಕ್ಷೆ, ಮಧ್ಯಾಹ್ನ ಒಂದು. ನೀನು ಹೇಳಿದ ಹಾಗೇ ಬೆರಳು ತೋರಿಸಿ ಕೂಗುತ್ತೇನೆ, “ಎರಡು ತೆಳು, ಸೊನ್ನೆ, ಸರಿ!” ಕೂಗಿದರೆ ಕೈ ತಪ್ಪುವುದಿಲ್ಲ, ನಿಜ.

ನೀನು ಕೇಳಿದ್ದಕ್ಕೆ ಉತ್ತರ. ಮನೆಯಲ್ಲಿ ಗ್ಯಾಸಿಗೆ ಕೂಗುವುದನ್ನು ಬಿಟ್ಟಿದ್ದೇನೆ. ಕೂಗಿದರೆ ಕಿವಿ ತಾನಾಗಿ ಒಳಗಡೆ ಹೋಗಿ ಕಾಯುತ್ತದೆ. ಅದು ಕಷ್ಟ. ಸ್ಲೀವಿಗೆ ಮಾತ್ರ ಕೂಗುತ್ತೇನೆ, ಅದಕ್ಕೆ ಉತ್ತರ ಕೊಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಲಕೋಟೆಯಲ್ಲಿ ನಾನು ಒತ್ತಿದ ಕೆಲವು ಜೋಡಣೆಗಳನ್ನು ಇಟ್ಟಿದ್ದೇನೆ. ನೋಡಿ ಹೇಳು. ಅಂಚೆಯಣ್ಣ ಅಲುಗಾಡಿಸಿ, “ಒಳಗೇನು, ಹಲ್ಲಾ?” ಎಂದು ಕೇಳಿದ.

ಅಪ್ಪ


ನುಮಾಜು
ಜುಲೈ 13

ಅಪ್ಪನವರಿಗೆ,

ಮೇಜಿನ ಮೇಲೆ ಸುರಿದು ನೋಡಿದೆ. ಚೆನ್ನಾಗಿವೆ. ತಾಮ್ರ ಸೀಳಿಲ್ಲ, ತುದಿ ನೇರವಾಗಿ ಕತ್ತರಿಸಿದ್ದೀರಿ, ನಮ್ಮ ಹೊಸ ಹುಡುಗರಿಗಿಂತ ವಾಸಿ. ಒಂದರಲ್ಲಿ ಮಾತ್ರ ತಪ್ಪಿದ್ದೀರಿ. ಎರಡು ತೆಳು ತಂತಿಗೆ ಚಿಕ್ಕದು ಒತ್ತಿದ್ದೀರಿ. ಅವತ್ತು ಕೂಗಿರಲಿಲ್ಲ, ಅಲ್ಲವೇ?

ಶಾಲೆಯಲ್ಲಿ ಟೀಚರು ಸರಿಯುತ್ತರಕ್ಕೆ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತುತ್ತಿದ್ದರು. ನನ್ನ ಲೆಕ್ಕದ ಪುಸ್ತಕ ಹಿಡಿದು ಸೊನ್ನೆಗಳನ್ನು ಎಣಿಸಲು ನೀವು ಕೂರುತ್ತಿದ್ದಿರಿ. ಇವತ್ತು ನಿಮ್ಮ ಜೋಡಣೆಗಳನ್ನು ಬಿಳಿಹಾಳೆಗೆ ಅಂಟಿಸಿ ಸುತ್ತಲೂ ಕೆಂಪು ಸೊನ್ನೆ ಹಾಕಿ ವಾಪಸು ಕಳಿಸುತ್ತಿದ್ದೇನೆ. ತಪ್ಪಿದ್ದನ್ನು ನಾನೇ ಇಟ್ಟುಕೊಂಡೆ.

ಪರೀಕ್ಷೆಯ ದಿನ ಊಟ ಮಾಡಿ ಹೋಗಿ. ಕನ್ನಡಕ ಮರೆಯಬೇಡಿ.

ಚಿಗುಸಾ


ಮಿನಾಸೆ ದ್ವೀಪ
ಜುಲೈ 28

ಚಿಗುಸಾ,

ಹಿರೋಶಿಮಾಕ್ಕೆ ಹೋಗಿ ಬಂದೆ. ಹೋಯಿತು ಮಗಳೇ.

ದೊಡ್ಡ ಹಾಲ್, ಸಾಲುಸಾಲು ಮೇಜು, ಎಲ್ಲರ ಮುಂದೂ ಒಂದೊಂದು ಡಬ್ಬಿ. “ಶುರುಮಾಡಿ” ಅಂದರು. ಬಂದದ್ದು ನನಗೆ ಚೆನ್ನಾಗಿ ಬರುವ ನಕ್ಷೆಯೇ. ಕೈ ತಾನಾಗಿ ಓಡಿತು. ಕೇಬಲ್ ಸಿಪ್ಪೆ ಸುಲಿದೆ, ಬಿಳಿ ತಂತಿ ಬಿಳಿಯ ಜಾಗಕ್ಕೆ, ಕಪ್ಪು ಕಪ್ಪಿನ ಜಾಗಕ್ಕೆ. ಪಕ್ಕದವರಿಗಿಂತ ನಾನೇ ಮುಂದಿದ್ದೆ. ಆಮೇಲೆ ಇಕ್ಕಳ ಎತ್ತಿಕೊಂಡು ಬೆರಳು ತೋರಿಸಿ ಕೂಗಿದೆ, “ಒಂದು ದಪ್ಪ, ಒಂದು ತೆಳು, ಚಿಕ್ಕದು, ಸರಿ!”

ಇಡೀ ಹಾಲ್ ನನ್ನ ಕಡೆ ತಿರುಗಿತು. ಮೇಲ್ವಿಚಾರಕ ಓಡಿಬಂದ. “ದಯವಿಟ್ಟು, ಮಾತಾಡ್ಬಾರ್ದು ಇಲ್ಲಿ. ಬೇರೆಯೋರಿಗೆ ಉತ್ತರ ಹೇಳ್ಕೊಟ್ಟ ಹಾಗಾಗುತ್ತೆ.” ಒಳ್ಳೆಯ ಮನುಷ್ಯ, ಬಗ್ಗಿ ನಮಸ್ಕಾರ ಮಾಡಿಯೇ ಹೇಳಿದ. ಅವನು ಹೇಳಿದ್ದೇ ನ್ಯಾಯ. ಬಾಯಿ ಮುಚ್ಚಿದೆ.

ಬಾಯಿ ಮುಚ್ಚಿದ ಮೇಲೆ ಹಾಲ್ ತುಂಬ ಇಕ್ಕಳಗಳ ಸದ್ದು ಮಾತ್ರ, ಟಕ್ ಟಕ್ ಎಂದು ಮಳೆ ಹನಿ ಶುರುವಾದ ಹಾಗೆ. ನಾನು ನೀರಿನೊಳಗೆ ಕೂತಿದ್ದೇನೆ, ಮೇಲೆ ಯಾರೋ ಲಾಂಚ್ ನಡೆಸುತ್ತಿದ್ದಾರೆ ಎನಿಸಿತು. ಎಲ್ಲ ಮುಗಿಸಿ ಇಕ್ಕಳ ಕೆಳಗಿಟ್ಟೆ. “ನಿಲ್ಲಿಸಿ” ಅಂದರು. ಆಗ ನೋಡಿದೆ. ಕೊನೆಯ ಜೋಡಣೆ, ಎರಡು ತೆಳು. ಅದರ ಮೇಲೆ ‘ಚಿಕ್ಕದು’. ನಿಲ್ಲಿಸಿ ಅಂದಮೇಲೆ ಕೈ ಹಾಕುವಂತಿಲ್ಲ.

ಮಾತು ಕೊಟ್ಟಿದ್ದೆ ಅವಳಿಗೆ. ವಾಪಸು ಬರುವಾಗ ಲಾಂಚಿನಲ್ಲಿ ತೊಕುಜಿ ಏನೂ ತಮಾಷೆ ಮಾಡಲಿಲ್ಲ, ಅದೇ ಹೆಚ್ಚು ನೋವಾಯಿತು. ನಾನು ಅತ್ತುಬಿಟ್ಟೆ ಎಂದು ಬರೆದರೆ ನಂಬುತ್ತೀಯೋ ಇಲ್ಲವೋ.

ಬಿಳಿ ಲಾಂದ್ರ ತಂದಿಟ್ಟಿದ್ದೇನೆ. ಅಷ್ಟರಲ್ಲೇ ಅವಳು ದಾರಿ ಹುಡುಕಿಕೊಳ್ಳಬೇಕು.

ಅಪ್ಪ


ನುಮಾಜು
ಆಗಸ್ಟ್ 2

ಅಪ್ಪಾ,

ಓದಿ ಮೊದಲು ನಗು ಬಂತು, ಆಮೇಲೆ ಅಳು. ಕೂಗಿ ಒತ್ತಿ ಎಂದವಳು ನಾನೇ. ಪರೀಕ್ಷೆಯಲ್ಲಿ ಮಾತಾಡಬಾರದು ಎಂಬುದು ಹೊಳೆಯಲೇ ಇಲ್ಲ. ನಾನು ಪರೀಕ್ಷೆಗೆ ಕೂತಾಗ ಮನಸ್ಸಿನಲ್ಲೇ ಕೂಗಿದ್ದಿರಬೇಕು, ಯಾರೂ ತಿರುಗಿ ನೋಡಲಿಲ್ಲ.

ಇನ್ನೊಂದನ್ನೂ ಹೇಳುತ್ತೇನೆ. ಪಾಸಾಗಿದ್ದರೂ ಫಲಿತಾಂಶ ಬರುವುದು ಬಾನ್ ಮುಗಿದ ಮೇಲೆ. ಆಮೇಲೆ ಅರ್ಜಿ ಹಾಕಿ ಲೈಸೆನ್ಸ್ ಕಾರ್ಡು ಕೈಗೆ ಬರುವಾಗ ಚಳಿ ಶುರುವಾಗಿರುತ್ತದೆ. ಹಬ್ಬಕ್ಕೆ ದೀಪ ಎಂದು ನೀನು ಬರೆದಾಗಲೇ ಇದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ನೀನು ಪುಸ್ತಕ ಮುಚ್ಚುತ್ತಿದ್ದೆ, ಕಾಗದಗಳೂ ನಿಲ್ಲುತ್ತಿದ್ದವು. ನನಗೆ ಕಾಗದ ಬೇಕಿತ್ತು.

ಈಗ ಕೇಳು. ನಿನ್ನ ಹತ್ತಿರ ಲೈಸೆನ್ಸ್ ಇಲ್ಲ. ಏಣಿ ಹತ್ತಬೇಡ, ಸ್ಕ್ರೂ ತಿರುಗಿಸಬೇಡ, ಆ ಎರಡು ತೂತುಗಳ ಹತ್ತಿರವೂ ಹೋಗಬೇಡ. ಲೈಸೆನ್ಸ್ ಇಲ್ದೋರು ಈ ಮನೆ ತಂತಿ ಮುಟ್ಟಕೂಡದು.

ನಾನು ಹನ್ನೆರಡನೇ ತಾರೀಕು ಕೊನೆಯ ಲಾಂಚಿಗೆ ಬರುತ್ತೇನೆ. ದೀಪ ನಾನೇ ತರುತ್ತೇನೆ, ಮಳೆಗೆ ತಡೆಯುವಂಥದು. ಲಾಡ್ಜಿನಲ್ಲಿ ಇಳಿಯುವುದಿಲ್ಲ, ನನ್ನ ಹಾಸಿಗೆ ಬಿಸಿಲಿಗೆ ಹಾಕು.

ಚಿಗುಸಾ


ಮಿನಾಸೆ ದ್ವೀಪ
ಸೆಪ್ಟೆಂಬರ್ 6

ಚಿಗುಸಾ,

ಗುಡ್ಡದ ಮೇಲೆ ಸುಸುಕಿ ಹುಲ್ಲು ತೆನೆ ಬಿಟ್ಟಿದೆ. ಫಲಿತಾಂಶದ ಕಾರ್ಡು ನಿನ್ನೆ ಬಂತು. ನಪಾಸು. ತೊಕುಜಿ ಅದನ್ನೂ ತಿರುಗಿಸಿ ನೋಡಿ, “ಇದು ಮಾತ್ರ ಖಂಡಿತಾ ನಿಮ್ದೇ” ಅಂದ. ಚಹಾ ಕೊಡಲಿಲ್ಲ.

ನೀನು ಹೋದಮೇಲೆ, ದೀಪ ಹಾಕಿದ ಆ ಸಂಜೆ ದಿನವೂ ಕಣ್ಣಮುಂದೆ ಬರುತ್ತದೆ. ಕನಸು ಯಾವುದು, ನಡೆದದ್ದು ಯಾವುದು ಎಂದು ಒಮ್ಮೊಮ್ಮೆ ಗೊಂದಲವಾಗುತ್ತದೆ, ಅದಕ್ಕೇ ಬರೆದಿಡುತ್ತೇನೆ. ನೀನು ಏಣಿಯ ಮೇಲೆ, ನಾನು ಏಣಿ ಹಿಡಿದುಕೊಂಡು ಕೆಳಗೆ. ಓಣಿಯವರೆಲ್ಲ ಅವತ್ತಿನ ಹಾಗೇ ಬಂದು ನಿಂತಿದ್ದರು. ಸಿಕಾಡಾ ಹುಳುಗಳ ಕೂಗು ನಿಂತು ಸಮುದ್ರ ಬೂದುಬಣ್ಣಕ್ಕೆ ತಿರುಗಿತ್ತು. ನೀನು ಎರಡು ತೆಳು ತಂತಿ ಸೇರಿಸಿ, ಸ್ಲೀವ್ ತೊಡಿಸಿ, ಇಕ್ಕಳ ಹಿಡಿದು ಸುಮ್ಮನೆ ನಿಂತೆ. ಒತ್ತಲಿಲ್ಲ. ಏಕೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಬೆರಳು ತೋರಿಸಿ ಕೂಗಿದೆ, “ಎರಡು ತೆಳು, ಸೊನ್ನೆ!”

ನೀನು ಮೇಲಿನಿಂದ “ಸರೀ!” ಅಂದೆ. ಅವಳು ಅಣಕಿಸುತ್ತಿದ್ದ ಹಾಗೇ, ಕೊನೆಯಲ್ಲಿ ಎಳೆದು.

ಈ ಮನೆಯಲ್ಲಿ ನಾನು ಕೂಗಿದ್ದಕ್ಕೆ ಉತ್ತರ ಬಂದು ಎಷ್ಟು ಕಾಲವಾಗಿತ್ತು! ಏಣಿ ಹಿಡಿದ ಕೈ ಬಿಟ್ಟುಬಿಡುತ್ತಿದ್ದೆ, ನೀನು ಬೈದದ್ದು ಒಳ್ಳೆಯದಾಯಿತು.

ದೀಪ ದಿನಾ ಹತ್ತಿಸುತ್ತೇನೆ. ಹಬ್ಬ ಮುಗಿದರೂ ಆರಿಸಲು ಮನಸ್ಸಿಲ್ಲ. ಕೊನೆಯ ಲಾಂಚಿನಿಂದ ನಮ್ಮ ಬಾಗಿಲು ಕಾಣುತ್ತದೆಂದು ತೊಕುಜಿ ಹೇಳುತ್ತಾನೆ. ನಾನು ನಡೆಸುತ್ತಿದ್ದಷ್ಟು ವರ್ಷವೂ ಅದು ಕಾಣಬಹುದಿತ್ತು.

ನೀನು ವಾಪಸು ತಂದ ಅಮ್ಮನ ಗಡಿಯಾರ ಅಡುಗೆಮನೆಯಲ್ಲಿ ತನ್ನ ಹಳೆಯ ಮೊಳೆಯ ಮೇಲೆ ಸರಿಯಾಗಿ ಓಡುತ್ತಿದೆ. ಬಿಟ್ಟುಹೋದೆಯಲ್ಲ ಎಂದು ಮೊದಲು ಬೇಜಾರಾಯಿತು. “ಇಲ್ಲೇ ಇರ್ಲಿ ಅಪ್ಪಾ, ನಾನೇ ಬಂದು ನೋಡ್ಕೋತೀನಿ” ಎಂದು ನೀನು ಲಾಂಚಿನಿಂದ ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಆಗ ಕೇಳಿಸಿರಲಿಲ್ಲ. ತೊಕುಜಿ ಆಮೇಲೆ ಹೇಳಿದ.

ಮಾರ್ಚಿನಲ್ಲಿ ಮತ್ತೆ ಪರೀಕ್ಷೆಗೆ ಅರ್ಜಿ ಹಾಕುತ್ತೇನೆ. ಈ ಸಲ ಮನಸ್ಸಿನಲ್ಲೇ ಕೂಗುವುದನ್ನು ಕಲಿಯಬೇಕು, ಅದು ಬರುವುದಕ್ಕೆ ನನಗೆ ಬಹಳ ಕಾಲ ಬೇಕಾದೀತು. ಅಲ್ಲಿಯವರೆಗೆ ಕಾನೂನು ಕಾನೂನೇ.

ಬಚ್ಚಲುಮನೆಯ ಸ್ವಿಚ್ಚು ಸಡಿಲವಾಗಿದೆ. ನಾನು ಮುಟ್ಟಿಲ್ಲ.

ಅಪ್ಪ